ಕಾಣದ ಅನಿಲಕ್ಕೆ ಇಬ್ಬರು ಯಜಮಾನರು

ಸುಮ್ಮನೆ ಕೂತವರ ಎದುರು ಜನ ಎಷ್ಟು ಮಾತಾಡುತ್ತಾರೆ ಎನ್ನುವುದು ಅಭಿಪ್ರಾಯ ಸಂಗ್ರಹದ ಕೆಲಸಕ್ಕೆ ಸೇರಿದ ಮೇಲೆ ನನಗೆ ಗೊತ್ತಾಯಿತು. ನಾವು ಕೇಳಿದ್ದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಹೇಳುತ್ತಾರೆ. ಒಮ್ಮೆ ಆದರೆ ಆಕಸ್ಮಿಕ ಅನ್ನಬಹುದಿತ್ತು. ನನಗೆ ಸಭೆ ಸಭೆಗೂ ಆಗುತ್ತಿತ್ತು.

ಮೊಬೈಲಿಗೆ ಬಂದ ಕರೆಗೂ ದುಡ್ಡು ಹೋಗುತ್ತಿದ್ದ ಕಾಲ. ಮಣಿಪಾಲದ ಒಂದು ಸಣ್ಣ ಕಚೇರಿಯಲ್ಲಿ ನಾನು ತಾತ್ಕಾಲಿಕ ಸಹಾಯಕಿ. ಕಸದ ರಾಶಿ, ಸಗಣಿ ಗುಂಡಿಗಳಿಂದ ಹೊರಡುವ ಮೀಥೇನ್ ಅನಿಲದ ಮೇಲೆ ಕಣ್ಣಿಡಬೇಕಾದವರು ಯಾರು? ಕೇಂದ್ರ ಸರ್ಕಾರವೋ, ರಾಜ್ಯವೋ, ಇಬ್ಬರೂ ಸೇರಿಯೋ? ಇದನ್ನು ಸಾರ್ವಜನಿಕರಿಂದ ಕೇಳಿ ತಿಳಿಯಬೇಕಿತ್ತು. ನಮ್ಮ ಸರ್ ಮೊದಲೇ ಹೇಳಿಬಿಟ್ಟಿದ್ದರು: "ಮೂರು ಸಭೆ ಉಂಟು. ಮೂರರಲ್ಲಿ ಒಂದರಲ್ಲಾದರೂ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಬರಬೇಕು. ಬರಲಿಲ್ಲ ಅಂತಾದರೆ ಯೋಜನೆ ಅಲ್ಲಿಗೆ ಮುಗಿಯಿತು, ನಿಮ್ಮ ಕೆಲಸವೂ."

ನನಗೆ ಆ ಕೆಲಸ ಬೇಕಿತ್ತು. ಸಂಬಳಕ್ಕಿಂತ ಹೆಚ್ಚಾಗಿ, ಒಬ್ಬಳೇ ಬಸ್ಸಿನ ಕಿಟಕಿಗೆ ತಲೆಯಾನಿಸಿ ಎಲ್ಲಿಗಾದರೂ ಹೋಗುತ್ತಿರುವುದಕ್ಕೆ. ಗದ್ದೆ, ಸೇತುವೆ, ಅಂಗಳದಲ್ಲಿ ಒಣಗುವ ಸೀರೆಗಳು ಹಿಂದೆ ತೇಲಿಹೋಗುತ್ತಿದ್ದರೆ ನಾನು ಯಾರ ಮಗಳೂ ಅಲ್ಲ, ಯಾರ ಸಹಾಯಕಿಯೂ ಅಲ್ಲ ಅನ್ನಿಸುತ್ತಿತ್ತು. ಕಷ್ಟ ಶುರುವಾಗುತ್ತಿದ್ದದ್ದು ಬಸ್ಸಿಳಿದ ಮೇಲೆ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನನಗೆ ನಾಲ್ಕು ಜನರ ಎದುರು ಕನ್ನಡದಲ್ಲಿ ಮಾತಾಡುವುದೆಂದರೆ ವಾಕ್ಯ ಅರ್ಧಕ್ಕೇ ನಿಂತುಬಿಡುತ್ತಿತ್ತು. ಆದರೆ ಮೀಥೇನಿನ ಬಗ್ಗೆ ಓದಿದಾಗ ಅದರ ಮೇಲೆ ಸಲಿಗೆ ಹುಟ್ಟಿತು. ಬಣ್ಣವಿಲ್ಲ, ವಾಸನೆಯಿಲ್ಲ, ಯಾರ ಗಮನಕ್ಕೂ ಬಾರದೆ ಮೆಲ್ಲಗೆ ಎದ್ದು ಹೋಗಿಬಿಡುತ್ತದೆ. ಮದುವೆ ಮನೆಗಳಲ್ಲಿ ನಾನೂ ಹಾಗೆಯೇ.

ಮೂಗಿನವರ ಸಭೆ

ಮೊದಲ ಸಭೆ ಪರ್ಕಳದ ಒಂದು ಶಾಲೆಯಲ್ಲಿ. ಹತ್ತಿರದಲ್ಲೇ ಕಸ ಸುರಿಯುವ ಜಾಗವಿದ್ದದ್ದರಿಂದ ಬೆಂಚುಗಳೆಲ್ಲ ತುಂಬಿದ್ದವು. ನಾನು ತಲೆ ತಗ್ಗಿಸಿಕೊಂಡೇ ವಿವರಿಸಿದೆ: "ಮೀಥೇನಿಗೆ ಬಣ್ಣ ಇರುವುದಿಲ್ಲ. ವಾಸನೆಯೂ ಇರುವುದಿಲ್ಲ."

ಮುಂದಿನ ಸಾಲಿನಲ್ಲಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರರು ಎದ್ದು ನಿಂತರು. "ಒಂದು ನಿಮಿಷ. ವಾಸನೆ ಇಲ್ಲವಾ?"

"ಇಲ್ಲ ಸರ್."

"ಹಾಗಾದರೆ ನಾವು ಇಷ್ಟು ವರ್ಷ ಮೂಗು ಮುಚ್ಚಿಕೊಂಡದ್ದು ಯಾವುದಕ್ಕೆ?"

"ಅದು ಬೇರೆ ಅನಿಲಗಳಿಗೆ ಸರ್. ಅವು ಈ ಸಭೆಯ ವಿಷಯದಲ್ಲಿ ಇಲ್ಲ."

ಸಭೆಯಲ್ಲಿ ಗುಸುಗುಸು ಎದ್ದಿತು. ಬಂದವರೆಲ್ಲರೂ ವಾಸನೆಯ ಮೇಲೆ ದೂರು ಹೇಳಲು ತಯಾರಾಗಿ ಬಂದವರು. ಒಬ್ಬರಂತೂ ಮನೆಯಲ್ಲಿ ಹೆಂಡತಿಯ ಎದುರು ಅಭ್ಯಾಸ ಮಾಡಿಕೊಂಡು ಬಂದಿದ್ದರಂತೆ. ಮ್ಯಾನೇಜರರು ನೆರೆಹೊರೆಯವರೊಂದಿಗೆ ಮಾತಾಡಿಕೊಂಡು, ಗಂಟಲು ಸರಿಮಾಡಿ, ಎಲ್ಲರ ಪರವಾಗಿ ಘೋಷಿಸಿದರು: "ಕೇಂದ್ರವೋ ರಾಜ್ಯವೋ ಅನ್ನುವುದನ್ನು ನಾವು ಆಮೇಲೆ ಹೇಳುತ್ತೇವೆ. ಮೊದಲು ಸರ್ಕಾರ ಆ ಮೀಥೇನಿಗೆ ಒಂದು ವಾಸನೆ ಕೊಡಲಿ."

ಏಲಂ

ಮೀನಿನ ತ್ಯಾಜ್ಯ ಕೊಳೆತರೂ ಮೀಥೇನ್ ಬರುತ್ತದೆ. ಹಾಗಾಗಿ ಎರಡನೆಯ ಸಭೆ ಕಾಪುವಿನಲ್ಲಿ, ಸಮುದ್ರದ ಬದಿಯ ಒಂದು ಚಪ್ಪರದಲ್ಲಿ. ಅಂದು ಕಡಲು ಹಾಲು ಹರಡಿದ ಹಾಗೆ ಬೆಳ್ಳಗಿತ್ತು, ದೀಪಸ್ತಂಭ ಅದರ ಮೇಲೆ ಅರೆನಿದ್ದೆಯಲ್ಲಿ ನಿಂತಂತಿತ್ತು. ನಾನು ಅದನ್ನೇ ನೋಡುತ್ತಾ ಆಡಿದ ಮಾತು ಮೊದಲ ಸಾಲಿಗೂ ಕೇಳಿಸಲಿಲ್ಲ.

ಒಬ್ಬರು ಹಿರಿಯರು ಎದ್ದು ಬಂದರು. ಮಲ್ಪೆಯ ಬಂದರಿನಲ್ಲಿ ದಿನಾ ಬೆಳಿಗ್ಗೆ ಮೀನಿನ ಹರಾಜು, ನಮ್ಮ ಕಡೆಯ ಏಲಂ, ಕೂಗುವವರು. "ನೀನು ಕೂತುಕೋ ಮಗಾ, ನಾನು ಕೇಳುತ್ತೇನೆ. ಎಂತ ಕೇಳಬೇಕು?"

ನಾನು ಪಿಸುಮಾತಿನಲ್ಲಿ ಹೇಳಿದೆ. ಅವರು ಕೈಯೆತ್ತಿ ಕೂಗಿದರು: "ಮೀಥೇನ್ ಉಂಟು! ಕೇಂದ್ರಕ್ಕೆ ಒಂದು ಸಲ!"

ಹಿಂದಿನಿಂದ ಯಾರೋ, ಅಭ್ಯಾಸಬಲದಿಂದ, "ರಾಜ್ಯಕ್ಕೆ!" ಎಂದರು.

"ರಾಜ್ಯಕ್ಕೆ ಒಂದು ಸಲ! ರಾಜ್ಯಕ್ಕೆ ಎರಡು ಸಲ..."

"ಕೇಂದ್ರಕ್ಕೆ!"

ಚಪ್ಪರಕ್ಕೆ ಜೀವ ಬಂತು. ಕೇಂದ್ರ, ರಾಜ್ಯ, ಕೇಂದ್ರ, ರಾಜ್ಯ. ಇನ್ನೇನು ಒಂದು ಕಡೆ ತೀರ್ಮಾನವಾಗುತ್ತದೆ, ನನ್ನ ಕೆಲಸ ಉಳಿಯುತ್ತದೆ ಎಂದು ನಾನು ಪೆನ್ನಿನ ಮುಚ್ಚಳ ತೆಗೆದು ಕೂತಿದ್ದೆ. ಆಗ ಮೀನು ಮಾರುವ ಹೆಂಗಸೊಬ್ಬರು ಸೊಂಟಕ್ಕೆ ಕೈಕೊಟ್ಟು ನಿಂತರು.

"ನಿಲ್ಲಿಸಿ ಅಣ್ಣಾ! ಮಾಲು ತೋರಿಸದೆ ಏಲಂ ಎಂತದ್ದು ಮಾರಾಯ್ರೆ?"

ಹಿರಿಯರು ನನ್ನತ್ತ ತಿರುಗಿದರು. "ಮಾಲು ಎಲ್ಲಿ ಮಗಾ?"

"ಅದು... ಕಣ್ಣಿಗೆ ಕಾಣುವುದಿಲ್ಲ."

ಅಷ್ಟೂ ಜನ ಒಟ್ಟಿಗೆ ನಿಟ್ಟುಸಿರು ಬಿಟ್ಟು, ಚಪ್ಪಲಿ ಹುಡುಕಲು ಶುರುಮಾಡಿದರು. ನಾನು ಬ್ಯಾಗು ಹೆಗಲಿಗೇರಿಸಿ ಮೆಲ್ಲಗೆ ಹೊರಟಾಗ ಹಿರಿಯರು ಹಿಂದಿನಿಂದ ಕರೆದು, ಬಂದರಿನ ನಿಯಮವನ್ನು ಬಹಳ ಪ್ರೀತಿಯಿಂದ ತಿಳಿಸಿದರು: "ಬೇಸರ ಮಾಡಬೇಡ ಮಗಾ. ಆದರೆ ಮಾರಾಟವಾಗದ ಮಾಲನ್ನು ಇಲ್ಲಿ ಬಿಟ್ಟು ಹೋಗುವ ಹಾಗಿಲ್ಲ. ಮಣಿಪಾಲಕ್ಕೆ ವಾಪಸ್ ತಕ್ಕೊಂಡು ಹೋಗು."

ಕಾರ್ಕಳದ ಚಾ

ಉಳಿದದ್ದು ಒಂದೇ ಸಭೆ. ಕಾರ್ಕಳದ ಹತ್ತಿರ, ಸಗಣಿಯ ಮೀಥೇನಿನಿಂದಲೇ ಒಲೆ ಉರಿಸುವ ಗೋಬರ್ ಗ್ಯಾಸ್ ಇರುವ ಒಂದು ಮನೆಯ ಅಂಗಳದಲ್ಲಿ. ಅದನ್ನು ನೋಡಲು ಕೇಂದ್ರದ ಕಡೆಯಿಂದ ಒಬ್ಬ ಅಧಿಕಾರಿ, ರಾಜ್ಯದ ಕಡೆಯಿಂದ ಒಬ್ಬರು ಬಂದಿದ್ದರು. ನಮ್ಮ ಸರ್ ತಪಾಸಣೆಯ ನಿಯಮಾವಳಿಯ ಕರಡು ಹಿಡಿದು, ಮೂರು ದನಗಳಿದ್ದ ಹಟ್ಟಿಯ ಪಕ್ಕದಲ್ಲಿ ಕೂತಿದ್ದರು.

ಮನೆಯ ಅಮ್ಮ ಎಲ್ಲರಿಗೂ ಚಾ ಮಾಡಲು ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಒಲೆ ಹಚ್ಚಿದರು. ಜ್ವಾಲೆ ಹೊಗೆಯಿಲ್ಲದೆ, ಸದ್ದಿಲ್ಲದೆ ಅರಳಿತು. ಅಂಥ ನೀಲಿಯನ್ನು ನಾನು ಮುಸ್ಸಂಜೆಯ ಕಡಲಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ಕೆಲಸ ಹೋಗುವುದಿದ್ದರೂ ಇದನ್ನು ನೋಡಿ ಹೋಗುತ್ತಿದ್ದೇನಲ್ಲ ಎಂದುಕೊಂಡೆ.

ಅಷ್ಟರಲ್ಲಿ ಕೇಂದ್ರದವರು, "ಪಾತ್ರೆ ಸ್ವಲ್ಪ ಇಳಿಸಿ ಅಮ್ಮ, ಜ್ವಾಲೆ ಪರೀಕ್ಷಿಸಬೇಕು" ಎಂದರು. ಅಮ್ಮ ಇಳಿಸಿದರು. ಅವರು ಬಗ್ಗಿ, ಪಕ್ಕಕ್ಕೆ ವಾಲಿ, ಕನ್ನಡಕ ತೆಗೆದು, ಮತ್ತೆ ಹಾಕಿ ನೋಡಿದರು. ಅಮ್ಮ ಪಾತ್ರೆ ಏರಿಸಿದರು. ನೀರು ಬೆಚ್ಚಗಾಗುವಾಗ ರಾಜ್ಯದವರು ಬಂದರು. "ಇಳಿಸಿ ಅಮ್ಮ, ನಮ್ಮದು ಪ್ರತ್ಯೇಕ ತಪಾಸಣೆ." ಅವರೂ ಅಷ್ಟೇ ಹೊತ್ತು ನೋಡಿದರು. ಮುಗಿಯುವ ಹೊತ್ತಿಗೆ ಕೇಂದ್ರದವರಿಗೆ ಒಂದು ಅನುಮಾನ ಬಂತು. ಪಾತ್ರೆ ಮತ್ತೆ ಇಳಿಯಿತು. ಅದು ನಾಲ್ಕನೆಯ ಸಲ ಏರಿದಾಗ ಜ್ವಾಲೆ ಒಮ್ಮೆ ನಡುಗಿ, ಸಣ್ಣಗಾಗಿ, ಆರಿಹೋಯಿತು.

ಗ್ಯಾಸ್ ಮುಗಿದಿತ್ತು. ಕೇಂದ್ರ ರಾಜ್ಯಗಳೆರಡೂ ಅಪರಾಧಿಗಳ ಹಾಗೆ ನಿಂತಿದ್ದವು. ಅಮ್ಮನ ಮುಖ ಕೆಂಪಾಗಿತ್ತು. ಆಗ ಒಂದು ಧ್ವನಿ ಕೇಳಿಸಿತು. ನನ್ನದೇ.

"ಅಮ್ಮ, ಇದನ್ನು ಯಾರು ನೋಡಿಕೊಳ್ಳಬೇಕು? ಕೇಂದ್ರವಾ, ರಾಜ್ಯವಾ, ಇಬ್ಬರೂ ಸೇರಿಯಾ?"

ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. "ಯಾರು ಬೇಕಾದರೂ ಬರಲಿ ಮಗಾ. ಇಬ್ಬರೂ ಬರಲಿ. ಆದರೆ ಒಟ್ಟಿಗೆ ಬೇಡ. ಒಬ್ಬರು ಬೆಳಿಗ್ಗೆ ಬರಲಿ, ಒಬ್ಬರು ಸಂಜೆ ಬರಲಿ. ನಡುವಿನಲ್ಲಿ ದನಕ್ಕೂ ಸ್ವಲ್ಪ ಪುರುಸೊತ್ತು ಬೇಡವಾ?"

ನಮ್ಮ ಸರ್ ಎದ್ದು ನಿಂತೇ ಬಿಟ್ಟರು. ಉತ್ತರ ಬಂದಿತ್ತು! ಮರುದಿನ ಅದನ್ನು ಅವರೇ ಇಂಗ್ಲಿಷಿನಲ್ಲಿ ಬರೆಸಿದರು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: 'ಉಭಯ ಸರ್ಕಾರಗಳೂ ಸರದಿಯ ಪ್ರಕಾರ ತಪಾಸಣೆ ನಡೆಸತಕ್ಕದ್ದು, ಇದು ಕಚ್ಚಾವಸ್ತು ಪೂರೈಕೆದಾರರ ಅನುಕೂಲಕ್ಕೆ ಒಳಪಟ್ಟಿರುತ್ತದೆ.' ವರದಿ ಮೇಲಕ್ಕೆ ಹೋಯಿತು. ಮೆಚ್ಚುಗೆಯಾಯಿತು, ನನ್ನ ಕೆಲಸ ಮುಂದುವರಿಯಿತು.

ಕೆಲವು ದಿನಗಳ ಮೇಲೆ ಮೇಲಿನ ಕಚೇರಿಯಿಂದ ಫೋನು ಬಂತು. ಸರ್ ಇರಲಿಲ್ಲ, ನಾನೇ ಎತ್ತಬೇಕಾಯಿತು.

"ಆ ಕಚ್ಚಾವಸ್ತು ಪೂರೈಕೆದಾರರನ್ನೂ ಸಭೆಗೆ ಕರೆದಿದ್ದಿರಾ?"

ಸುಳ್ಳು ಹೇಳಲು ನನಗೆ ಮೊದಲಿನಿಂದಲೂ ಬಾರದು. "ಕರೆಯಬೇಕಾಗಿರಲಿಲ್ಲ ಸರ್. ಮೂವರೂ ಅಲ್ಲೇ ಹಟ್ಟಿಯಲ್ಲಿದ್ದರು, ಕೊನೆಯವರೆಗೂ."

"ಅವರಿಂದ ಏನಾದರೂ ಆಕ್ಷೇಪ?"

"ಇಲ್ಲ ಸರ್. ಒಬ್ಬರು ಮಾತ್ರ ಸಭೆ ಮುಗಿಯುವಾಗ ನಮ್ಮ ಸರ್ ಕೈಯಲ್ಲಿದ್ದ ನಿಯಮಾವಳಿಯ ಕರಡನ್ನು ಎಳೆದುಕೊಂಡು ಪೂರ್ತಿ ತಿಂದರು."