ಕುಂಕುಮವಿಲ್ಲದ ಇಮೇಲ್

ನಿಮ್ಮನ್ನು ಪ್ರೀತಿಯಿಂದ ಊಟಕ್ಕೆ ಕರೆದವರನ್ನೇ ಕಳ್ಳರೆಂದು ಯಾವತ್ತಾದರೂ ದೂರು ಕೊಟ್ಟಿದ್ದೀರಾ? ನಾನು ಕೊಟ್ಟಿದ್ದೇನೆ. ಒಬ್ಬಳೇ ಅಲ್ಲ, ಇಡೀ ಆಫೀಸನ್ನು ಸೇರಿಸಿಕೊಂಡು. ಜೆ.ಪಿ. ನಗರದ ನಮ್ಮ ಪುಟ್ಟ ಕಂಪನಿಯಲ್ಲಿ ಫಿಶಿಂಗ್ ಮೇಲ್‌ಗಳ ಬಗ್ಗೆ, ಅಂದರೆ ಗಾಳ ಹಾಕಿ ಪಾಸ್‌ವರ್ಡ್ ಕದಿಯುವ ಮೇಲ್‌ಗಳ ಬಗ್ಗೆ, ಪಾಠ ಮಾಡುವ ಕೆಲಸ ನನ್ನದು. ನನಗೆ ಕಂಪ್ಯೂಟರ್ ಅಷ್ಟಕ್ಕಷ್ಟೇ, ಆದರೆ ಜನರನ್ನು ಹೆದರಿಸುವುದು ಚೆನ್ನಾಗಿ ಬರುತ್ತದೆ. ಎಚ್‌ಆರ್‌ನಲ್ಲಿ ಇಷ್ಟು ವರ್ಷ ಇನ್ನೇನು ಕಲಿತೆ? "ಗೊತ್ತಿಲ್ಲದ ವಿಳಾಸ, ಅವಸರ, ಅತಿ ಪ್ರೀತಿ, ಕೆಳಗೊಂದು ಲಿಂಕ್. ಇವು ಕಂಡ್ರೆ ಮುಟ್ಬೇಡಿ, ರಿಪೋರ್ಟ್ ಹೊಡೀರಿ" ಎಂದು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದೆ.

ಶನಿವಾರ ಸಂಜೆ ಒಂದು ಮೇಲ್ ಬಂತು. ನಮ್ಮ ಬಾಸ್ ಪ್ರಶಾಂತ್ ಅವರ ಹೆಸರಿನಲ್ಲಿ, ಆದರೆ ಆಫೀಸಿನ ವಿಳಾಸವಲ್ಲ. "ಪ್ರೀತಿಯ ಬಂಧುಗಳೇ, ನಾಳೆಯೇ ಬೇಗೂರಿನಲ್ಲಿ ನಮ್ಮ ಗೃಹಪ್ರವೇಶ, ತಪ್ಪದೇ ಬನ್ನಿ, ದಾರಿಗೆ ಈ ಲಿಂಕ್ ಒತ್ತಿ." ಬೋರ್ಡಿನ ಮೇಲಿದ್ದದ್ದು ಒಂದೂ ಬಿಟ್ಟಿರಲಿಲ್ಲ! ಅದೂ ಅಲ್ಲದೆ, ಗೃಹಪ್ರವೇಶಕ್ಕೆ ಯಾರಾದರೂ ಮೇಲ್‌ನಲ್ಲಿ ಕರೆಯುತ್ತಾರೆಯೇ? ಮನೆಗೆ ಬಂದು ಕುಂಕುಮ ಕೊಟ್ಟು ಕರೆದರೂ 'ಸರಿಯಾಗಿ ಕರೀಲಿಲ್ಲ' ಎಂದು ಮುನಿಸಿಕೊಳ್ಳುವ ಜನ ನಾವು. ರಿಪೋರ್ಟ್ ಹೊಡೆದೆ. ನನ್ನ ಶಿಷ್ಯರೂ ಹೊಡೆದರು.

ಭಾನುವಾರ ಬೆಳಗ್ಗೆ ಬಾಸ್ ಫೋನ್ ಬಂತು. "ಮೇಡಂ, ಒಬ್ರೂ ರಿಪ್ಲೈ ಮಾಡಿಲ್ಲ. ಅಡುಗೆಯವ್ರು ಹೋಳಿಗೆ ತಟ್ತಾ ಇದ್ದಾರೆ. ನಮ್ಮಮ್ಮ ಬೇರೆ, 'ನಿನ್ನ ಕಂಡ್ರೆ ಆಫೀಸಲ್ಲಿ ಯಾರ್ಗೂ ಆಗಲ್ವೇನೋ' ಅಂತಿದ್ದಾರೆ." ಪಾಪ, ದನಿಯೇ ಬಿದ್ದುಹೋಗಿತ್ತು. ಹೊಸ ಮನೆಯಲ್ಲಿ ಮೊದಲ ದಿನವೇ ಖಾಲಿ ಪಂಕ್ತಿ, ಅದೂ ನನ್ನ ಪಾಠದಿಂದ! ತಕ್ಷಣ ಅಕೌಂಟ್ಸ್‌ನ ಗಿರೀಶನಿಗೆ ಫೋನ್ ಮಾಡಿದೆ. "ಗಿರೀಶ, ಊಟಕ್ಕೆ ಬಾಪ್ಪಾ, ಆ ಮೇಲ್ ನಿಜ."

"ಯಾರಮ್ಮ ನೀನು? ವಾಯ್ಸ್ ಸಖತ್ತಾಗಿ ಕಾಪಿ ಹೊಡ್ದಿದ್ದೀಯ! ಆದ್ರೆ ನಮ್ ಮೇಡಂ ಯಾವತ್ತೂ ಇಷ್ಟು ಪ್ರೀತಿಯಿಂದ ಮಾತಾಡಲ್ಲ," ಎಂದು ಕಟ್ ಮಾಡಿದ. ನಂಬರ್ ನೋಡಿ ನಂಬಬೇಡಿ ಎಂದು ಕಲಿಸಿದವಳೂ ನಾನೇ.

ಗಂಡನ ಸ್ಕೂಟರ್ ಹತ್ತಿ, ಕುಂಕುಮದ ಬಟ್ಟಲು ಹಿಡಿದು ತಿಲಕ್ ನಗರದ ಅವನ ಮನೆಗೇ ಹೋದೆ. ಬಾಗಿಲು ತೆಗೆದ ಅವನ ಅಮ್ಮನಿಗೆ ಕುಂಕುಮ ಕೊಟ್ಟು ಕರೆದೆ. ಹಲ್ಲುಜ್ಜುತ್ತಿದ್ದ ಗಿರೀಶ ಹಿಂದಿನಿಂದ ಇಣುಕಿ, "ಮೇಡಂ, ಇದೂ ಟೆಸ್ಟಾ?" ಎಂದ.

"ಕುಂಕುಮ ಕೊಟ್ಟು ಕರ್ದಿದ್ದಾರೆ, ಟೆಸ್ಟಂತೆ ಟೆಸ್ಟು! ಹೋಗೋ, ಸ್ನಾನ ಮಾಡು," ಎಂದು ಅಮ್ಮ ಗದರಿದರು. ಅಷ್ಟಕ್ಕೇ ಬಿಡದೆ, ಅವನ ಕೈಯಲ್ಲಿ ಆಫೀಸಿನವರಿಗೆಲ್ಲ ವೀಡಿಯೊ ಕಾಲ್ ಮಾಡಿಸಿ, ನನ್ನನ್ನು ಕ್ಯಾಮೆರಾ ಮುಂದೆ ಎಳೆದರು. "ನೋಡ್ಕೊಳ್ರಪ್ಪ, ಇವ್ರೇ ನಿಮ್ ಮೇಡಂ ತಾನೆ? ಎದ್ದು ಬೇಗೂರಿಗೆ ಹೊರಡಿ!" ಆ ಗದರಿಕೆ ಯಾವ ಕಳ್ಳನಿಗೂ ಬರುವಂಥದ್ದಲ್ಲ. ಎಲ್ಲರೂ ಬಂದರು. ಬಾಸ್ ಅಮ್ಮನ ಮುಖ ಅರಳಿತು.

ಬಾಸ್ ತಾವೇ ಹೋಳಿಗೆಗೆ ತುಪ್ಪ ಬಡಿಸುತ್ತಾ ನನ್ನ ಎಲೆಯ ಮುಂದೆ ನಿಂತರು. "ಮೇಡಂ, ಕಳ್ಳರನ್ನ ಗುರುತಿಸೋದು ಎಲ್ಲರ್ಗೂ ಬಂತು. ಬುಧವಾರ ಇನ್ನೊಂದು ಕ್ಲಾಸ್ ತಗೊಳ್ಳಿ, ನಮ್ಮವ್ರನ್ನ ಗುರುತಿಸೋದು ಹೇಗೆ ಅಂತ." ತಲೆಯಾಡಿಸಿಬಿಟ್ಟೆ, ಬಾಯಲ್ಲಿ ಹೋಳಿಗೆ ಇತ್ತಲ್ಲ. ಈಗ ಆ ಪಾಠಕ್ಕೆ ಒಂದಕ್ಷರವೂ ಹೊಳೆಯುತ್ತಿಲ್ಲ. ನೀವೂ ನಿಜವಾದದ್ದನ್ನು ಸುಳ್ಳೆಂದು ಓಡಿಸಿ ಪೇಚಿಗೆ ಸಿಕ್ಕಿದ್ದರೆ, ಮಂಗಳವಾರದೊಳಗೆ ಇಲ್ಲಿ ಕೆಳಗೆ ಬರೆದು ಪುಣ್ಯ ಕಟ್ಟಿಕೊಳ್ಳಿ. ನಿಮ್ಮ ಹೆಸರು ಖಂಡಿತ ಹೇಳುವುದಿಲ್ಲ. ನನ್ನದೇ ಅನುಭವ ಎಂದು ಹೇಳುತ್ತೇನೆ. ಈಗ ಎಲ್ಲರೂ ನಂಬುತ್ತಾರೆ.