ಬಲಕ್ಕೆ ಹೊರಳದ ಕುತ್ತಿಗೆ

ನನಗೆ ಆಕಳಿಕೆಯ ಮೇಲೆ ನಂಬಿಕೆಯಿಲ್ಲ. ಮಾಸ್ತರಿಕೆ ಮಾಡಿದವನು ನಾನು. ಎದುರಿಗಿದ್ದವರು ಬಾಯಿ ತೆರೆದರೆ ನನ್ನ ಪಾಠ ಮುಗಿಯಲಿ ಎಂದು ಹರಕೆ ಹೊತ್ತಿದ್ದಾರೆಂದೇ ತಿಳಿಯುತ್ತೇನೆ. ಅಂಥವನ ಅಂಗಳದಲ್ಲಿ ನಿಂತು ಸಂಗಪ್ಪ, ಕುದುರೆ ಆಕಳಿಸಿದರೆ ಅದರ ಮೈಯ ಬಿಗಿತ ಇಳಿದಂತೆ ಎಂದರೆ ಒಪ್ಪುವುದು ಹೇಗೆ?

ಕುದುರೆ ನನ್ನದಲ್ಲ, ಹೆಂಡತಿಯ ತಮ್ಮ ಬೀರಪ್ಪನದು. ಗಲಗಲಿ ಕಡೆ ಕುರಿಹಿಂಡಿನ ಜೊತೆ ಗಂಟುಮೂಟೆ ಹೊತ್ತು ನಡೆಯುತ್ತಿತ್ತು. ಅಣೆಕಟ್ಟಿನ ಹಿನ್ನೀರು ಬಂದು ಮೇಯಿಸುವ ದಾರಿಗಳು ಮುಳುಗಿದ ಮೇಲೆ ಕೆಲಸ ತಪ್ಪಿ, ನಿಂತಲ್ಲೇ ನಿಂತು, ಅದರ ಕುತ್ತಿಗೆ ಬಲಕ್ಕೆ ಹೊರಳದಂತಾಯಿತು. ಸದಾ ಎಡಕ್ಕಿರುತ್ತಿದ್ದ ಕುರಿಗಳನ್ನು ನೋಡಿ ನೋಡಿ ಹಾಗಾಯಿತೆಂದು ಬೀರಪ್ಪ ಹೇಳುತ್ತಾನೆ. ಇಷ್ಟು ಚೆಂದದ ಕಾರಣ ಖರೆ ಇರಲಾರದು ಎಂದು ನನ್ನ ಅನುಮಾನ. ದನದ ದವಾಖಾನೆ ಹತ್ತಿರವೆಂದು ಅದನ್ನು ಮುಧೋಳದ ನಮ್ಮ ಮನೆಗೆ ತಂದು ಕಟ್ಟಿದ. ಸ್ನಾಯುಗಳು ಬಿಗಿದಿವೆ, ಔಷಧ ಬೇಡ ಎಂದರು ಡಾಕ್ಟರು.

"ಕುತ್ತಿಗಿ ಹೊರಳಿದ್ರ ಇಟ್ಕೋತೀನಿ ಮಾಮಾ, ಇಲ್ಲಂದ್ರ ಲೋಕಾಪುರದ ದಲಾಲಿಗೆ ಕೊಟ್ಟಬಿಡ್ತೀನಿ," ಎಂದ ಬೀರಪ್ಪ. ನನ್ನ ಹೆಂಡತಿ ಕಸ್ತೂರಿ ಅಂದು ಊಟ ಮಾಡಲಿಲ್ಲ. ತವರಿಗೆ ಹೋದಾಗಲೆಲ್ಲ ಆ ಕುದುರೆಯನ್ನು ಮರಿಯಿದ್ದಾಗಿನಿಂದ ನೋಡಿದವಳು ಅವಳು. ನನಗೋ, ಕರಿಬೇವಿನ ಗಿಡ ತಿಂದು ಮುಗಿಸಿದ ಪ್ರಾಣಿ ಹೋದರೆ ಸಾಕಾಗಿತ್ತು. ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ.

ಅವಳೇ ತನ್ನ ದೊಡ್ಡಪ್ಪನ ಮಗ ಸಂಗಪ್ಪನನ್ನು ಕರೆಸಿದಳು. ಪುಣೆಯ ಕುದುರೆಲಾಯದಲ್ಲಿ ಇದ್ದು, ಕುದುರೆಯ ಮೈ ಸಡಿಲಿಸುವುದನ್ನು ಕಲಿತು ಬಂದವನು. ಕತ್ತಿನ ಮೇಲೆ ಬೆರಳು ಇಟ್ಟೂ ಇಡದ ಹಾಗೆ ಇಟ್ಟು, ತಲೆಯನ್ನು ತುಸು ತೂಗಿ, ಸುಮ್ಮನೆ ಕಾಯುತ್ತಿದ್ದ.

"ಜೋರ ಮಾಡಬಾರದ್ರಿ ಮಾಸ್ತರ. ನಾವು ಒತ್ತಿದ್ರ ಅದೂ ಎದುರ ಒತ್ತತೈತಿ. ನೋಡ್ರಿ, ಕಣ್ಣ ಪಿಳುಕಿಸ್ತು! ತುಟಿ ನೆಕ್ಕಾಕತ್ತೈತಿ! ಬಿಗುವು ಬಿಡಾಕತ್ತೈತಿ!"

"ಹಸದಿರಬೇಕು," ಎಂದೆ.

"ನಿಮಗ ಮನಶ್ಯಾರ ಮ್ಯಾಲಂತೂ ನಂಬಿಗಿಲ್ಲ, ಕುದುರಿ ಮ್ಯಾಲರ ಇಡ್ರಿ," ಎಂದಳು ಕಸ್ತೂರಿ.

ಅಂದಿನಿಂದ ನಾನು ಪರೀಕ್ಷೆಯ ಹಾಲ್‌ನಲ್ಲಿ ನಿಂತವನಂತೆ ಸಂಗಪ್ಪನ ಕೈ ಕಾದೆ. ಅಂಗೈಯಲ್ಲಿ ಬೆಲ್ಲ ಅಡಗಿಸಿದ್ದಾನೆಂದು ಒಮ್ಮೆ ಮೂಸಿಯೂ ನೋಡಿದೆ. ಬರೀ ಕುದುರೆಯ ವಾಸನೆ.

ದಲಾಲಿ ಬಂದ ದಿನ ಕುದುರೆ ಬಲಕ್ಕೆ ಹೊರಳಿತು. ಅದು ಮೊದಲು ಹೊರಳಿತೋ, ಸಂಗಪ್ಪ ಮೊದಲು "ಹೊರಳಿತು" ಎಂದು ಕೂಗಿದನೋ, ಈಗ ಆಣೆ ಮಾಡಿ ಹೇಳಲಾರೆ. ಕಸ್ತೂರಿ ಕಣ್ಣೊರೆಸಿಕೊಂಡಳು. ದಲಾಲಿಯ ಕಣ್ಣೂ ಅರಳಿತು. "ಈಗ ಛಲೋ ಐತಲ್ಲ!" ಎಂದವನೇ ಬೀರಪ್ಪನ ಕೈ ಹಿಡಿದು ಮೇಲೆ ಟವೆಲ್ ಹೊದಿಸಿದ. ದನದ ಸಂತೆಯ ವ್ಯಾಪಾರ ಅದು. ಬಾಯಿಯಿಂದ ದರ ಹೇಳುವುದಿಲ್ಲ, ಟವೆಲಿನ ಕೆಳಗೆ ಬೆರಳು ಹಿಸುಕುತ್ತಾರೆ. ಹೊರಗೆ ಏನೂ ಕಾಣದು. ಕುತ್ತಿಗೆ ಹೊರಳಿದರೆ ಇಟ್ಟುಕೊಳ್ಳುತ್ತೇನೆ ಎಂದಿದ್ದ ಬೀರಪ್ಪನ ಮುಖ ನೋಡಿದೆ. ಕಣ್ಣು ಪಿಳುಕಿಸಿದ. ತುಟಿ ನೆಕ್ಕಿಕೊಂಡ. ಉದ್ದಕ್ಕೆ ಉಸಿರು ಬಿಟ್ಟ. ಕುದುರೆ ಕೈಬಿಟ್ಟಿತೆಂದು ನನಗೆ ಖಾತ್ರಿಯಾಯಿತು. ಕಸ್ತೂರಿಗೂ ಗೊತ್ತಾಗಿರಬೇಕು, ಕುದುರೆಯ ಹಗ್ಗ ಎದೆಗವುಚಿ ನಿಂತಿದ್ದಳು.

"ದಲಾಲರ, ತಡೀರಿ," ಎಂದ ಧ್ವನಿ ನನ್ನದೇ. "ಈ ಸಡಿಲು ಎರಡ ದಿನದ್ದು. ಸಂಗಪ್ಪ ಮುಟ್ಟಿ ಮುಟ್ಟಿ ಮಳ್ಳ ಮಾಡ್ಯಾನ. ನಿಮ್ಮ ಗಾಡಿ ಹತ್ತೂದರಾಗ ಕುತ್ತಿಗಿ ಮತ್ತ ಕಟಿಗಿ ಆಕ್ಕೈತಿ."

ಟವೆಲ್ ಹೆಗಲಿಗೇರಿತು. "ನಮಗ್ಯಾಕ್ರಿ ಈ ಉಸಾಬರಿ," ಎಂದು ದಲಾಲಿ ನಡೆದ.

"ನನ್ನ ಮಾನಾ ತಗದ್ರಲ್ಲ ಮಾಸ್ತರ!" ಎಂದು ಸಂಗಪ್ಪ ಚಪ್ಪಲಿ ಮೆಟ್ಟಿದ. ಬೀರಪ್ಪ, "ಅಷ್ಟ ತಿಳದವರ ನೀವ ಇಟ್ಕೋರಿ ಮಾಮಾ," ಎಂದು ಕಸ್ತೂರಿಯ ಕೈಯಲ್ಲಿದ್ದ ಹಗ್ಗದ ಕಡೆ ಬೆರಳು ತೋರಿಸಿದ. ಕಸ್ತೂರಿ ಹಗ್ಗವನ್ನು ನನ್ನ ಕೈಗಿಟ್ಟು ಒಳಗೆ ಹೋಗಿ, ನಾನು ಕೇಳದಿದ್ದರೂ ಚಹಾ ತಂದಳು.

ನಾನು ಅಂದು ಹೇಳಿದ್ದು ಸುಳ್ಳೋ, ನನ್ನ ಮನಸ್ಸಿನ ಮಾತೋ, ಇನ್ನೂ ಬಗೆಹರಿದಿಲ್ಲ. ಸಂಗಪ್ಪ ನಮ್ಮ ಓಣಿಗೆ ಕಾಲಿಡುವುದನ್ನೇ ಬಿಟ್ಟ. ಹೀಗಾಗಿ ದಿನಾ ಬೆಳಿಗ್ಗೆ ನಾನೇ ಕುದುರೆಯ ಕತ್ತಿನ ಮೇಲೆ ಕೈಯಿಟ್ಟು, ಒತ್ತದೆ, ಕಾಯುತ್ತ ನಿಲ್ಲುತ್ತೇನೆ. ಕೇಳಿದವರಿಗೆ ಉಣ್ಣಿ ಆರಿಸುತ್ತಿದ್ದೇನೆ ಎನ್ನುತ್ತೇನೆ. ಯಾರೂ ನಂಬುವುದಿಲ್ಲ.