ಗೇರುಹಾಡಿಯಲ್ಲಿ ಮನಾಲಿ

"ಹಿಮ ಕಂಡವ್ರ ಮನಿ ಹೆಣ್ಣ್ ಕೇಂತ್ಯಲ್ಲ, ನೀನ್ ಐಸ್ ಕಂಡದ್ದ್ ಬಂಗಡಿ ಮೀನಿನ ಕೆಳ್ಗೆ ಮಾತ್ರ ಅಲ್ದನಾ?"

ಮಂಜಯ್ಯನವರು ಹೀಗೆ ಕೇಳಿದಾಗ ಹೋಟೆಲಿನಲ್ಲಿ ಹನ್ನೊಂದು ಜನ ಇದ್ದರು. ಹನ್ನೊಂದು ಜನವೂ ನಕ್ಕರು. ಗುಡ್ಡನ ಬಾಯಲ್ಲಿದ್ದ ಬನ್ಸಿನ ತುಂಡು ಒಳಗೂ ಹೋಗದೆ ಹೊರಗೂ ಬಾರದೆ, ಟಿಕೇಟಿಲ್ಲದೆ ಬಸ್ಸು ಹತ್ತಿದವನ ಹಾಗೆ ಬಾಗಿಲಲ್ಲೇ ನಿಂತಿತು.

ಗುಡ್ಡ ಬಂದರಿನ ಐಸ್ ಫ್ಯಾಕ್ಟರಿಯ ಆಳು. ಐಸ್ ಪುಡಿ ಮಾಡಿ ಮೀನಿನ ಪೆಟ್ಟಿಗೆಗೆ ತುಂಬಿಸುವುದು ಕೆಲಸ. ಮಂಜಯ್ಯನವರ ಮಗಳು ಸೌಮ್ಯಶ್ರೀಗೂ ಅವನಿಗೂ ಎರಡು ವರ್ಷದಿಂದ ಮನಸ್ಸು ಕೂಡಿತ್ತು. ಅಪ್ಪನ ಒಪ್ಪಿಗೆ ಒಂದೇ ಬಾಕಿ. ಆ ಅಪ್ಪ ಕಳೆದ ತಿಂಗಳು ಪ್ಯಾಕೇಜ್ ಟೂರಿನಲ್ಲಿ ಕಾಶ್ಮೀರಕ್ಕೆ ಹೋಗಿ ಬಂದವರು, ಆಮೇಲೆ ನೆಲದ ಮೇಲೆ ಕಾಲೇ ಇಟ್ಟಿರಲಿಲ್ಲ.

"ಸಂಜಿಗೆ ಸಾಲಿಗ್ರಾಮದಿಂದ ಹೆಣ್ಣ್ ಕಾಂಬುಕೆ ಬತ್ರ್. ಆ ಗಂಡ್ ಎರಡ್ ಸಲ ಮನಾಲಿಗೆ ಹೋದ್ದಂಬ್ರ್" ಎಂದು ಮಂಜಯ್ಯನವರು ಟೀ ಲೋಟ ಕೆಳಗಿಟ್ಟರು. "ನೀನ್ ಹೋಯ್, ನಿನ್ ಪೆಟ್ಟಿಗಿ ಕಾಣ್."

ಗುಡ್ಡ ನೇರ ಗೆಳೆಯ ಜಿತೇಂದ್ರನಲ್ಲಿಗೆ ಓಡಿದ. ಊರ ಹಿಂದಿನ ದಿಬ್ಬದ ಗೇರುಹಾಡಿಯಲ್ಲಿ, ಗೇರುಮರಗಳ ನಡುವೆ, ಮುಂಬೈಯ ಹೋಟೆಲ್ ಧಣಿಯೊಬ್ಬರು ಕಟ್ಟಿಸಿದ ಕಾಟೇಜಿಗೆ ಜಿತೇಂದ್ರ ಕಾವಲು.

"ಮನಾಲಿಗ್ ಹೋಪುಕೆ ಎಷ್ಟ್ ಹೊತ್ತ್ ಬೇಕಾ?"

"ರೈಲಂಗೆ ಮೂರ್ ದಿನ. ಎಂತಕೆ?"

"ಸಂಜಿ ಒಳ್ಗೆ ಹೋಯ್ ಬರ್ಕಿತ್."

ಕತೆ ಕೇಳಿ ಜಿತೇಂದ್ರ ಗಡ್ಡ ಕೆರೆದುಕೊಂಡ. "ನಾವ್ ಹೋಪುದ್ ಬ್ಯಾಡ ಮಾರಾಯ. ಮನಾಲಿನೇ ಇಲ್ಲಿಗ್ ತರ್ಸುವ. ಒಂದ್ ಪಟ ತೆಗ್ದ್, ಹೋದ್ ವರ್ಷದ್ದ್ ಅಂದೇಳಿ ಸ್ಟೇಟಸ್ ಹಾಕ್."

ಮೂರು ದಿನದಿಂದ ಕಡಲಲ್ಲಿ ಗಾಳಿ. ದೋಣಿಗಳೆಲ್ಲ ದಡದಲ್ಲಿ ಮಲಗಿದ್ದರಿಂದ ಫ್ಯಾಕ್ಟರಿಯ ಐಸಿಗೆ ಗಿರಾಕಿಯೇ ಇರಲಿಲ್ಲ. "ಹ್ಯಾಂಗೂ ಕರ್ಗುದೇ, ತಕಂಡ್ ಹೋಯ್" ಎಂದುಬಿಟ್ಟರು ಮ್ಯಾನೇಜರರು. ಹತ್ತು ಗಂಟೆಗೆಲ್ಲ ಫ್ಯಾಕ್ಟರಿಯ ಟೆಂಪೊ ಪುಡಿ ಐಸ್ ಹೊತ್ತು ಹಾಡಿ ಹತ್ತಿತು. ತಿರುವಿನಲ್ಲಿ ಒಂದು ಎಮ್ಮೆ ಅಡ್ಡ ನಿಂತಿತ್ತು. ಜಿತೇಂದ್ರ ಉದ್ದಕ್ಕೆ ನಾಲ್ಕು ಸಲ ಹಾರ್ನ್ ಒತ್ತಿದ. ಎಮ್ಮೆ ಸರಿಯಿತು.

ಅಂಗಳ, ದಾಸವಾಳದ ಗಿಡ, ಬೆತ್ತದ ಕುರ್ಚಿ, ಎಲ್ಲದರ ಮೇಲೂ ಐಸ್ ಎರಚಿ ಇಬ್ಬರೂ ಜಗಲಿಯಲ್ಲಿ ನಿಂತು ನೋಡಿದರು. ಬೆಳ್ಳಗೆ, ಎಲ್ಲೆಲ್ಲೂ ಬೆಳ್ಳಗೆ. ಆರು ವರ್ಷ ಐಸಿನಲ್ಲೇ ಕೈ ಮರಗಟ್ಟಿಸಿಕೊಂಡ ಗುಡ್ಡ, ಅದು ಇಷ್ಟು ಚೆಂದ ಎಂದು ಒಂದು ದಿನವೂ ಕಂಡವನಲ್ಲ. ಒಂದು ಮುಷ್ಟಿ ಎತ್ತಿ ಜಿತೇಂದ್ರನ ಬೆನ್ನಿಗೆ ಹೊಡೆದ. ಜಿತೇಂದ್ರ ಎರಡು ಮುಷ್ಟಿ ಇವನ ಅಂಗಿಯೊಳಗೆ ಇಳಿಸಿದ. ಹಗ್ಗ ಬಿಚ್ಚಿದ ಕರುಗಳ ಹಾಗೆ ಇಬ್ಬರೂ ಹತ್ತು ನಿಮಿಷ ಕುಣಿದರು.

ಆಮೇಲೆ ಗುಡ್ಡ ಧಣಿಯ ಸ್ವೆಟರ್, ಮಂಕಿ ಟೊಪ್ಪಿ ಏರಿಸಿ ಕುರ್ಚಿಯಲ್ಲಿ ಕುಳಿತ.

"ಬೆವರ್ ಒರ್ಸ್ಕಣಾ" ಎಂದ ಜಿತೇಂದ್ರ. "ಮನಾಲಿಯಂಗೆ ಯಾರೂ ಹೀಂಗೆ ಬೆವರುದಿಲ್ಲ."

ಅಷ್ಟರಲ್ಲಿ ಅಲ್ಯುಮಿನಿಯಂ ಪಾತ್ರೆ ಹಿಡಿದು ಊರಿನ ಚಂದ್ರಮತಿಯಕ್ಕ ಗೇಟಿನಲ್ಲಿ ಕಾಣಿಸಿದರು. ಅವರ ಬೆನ್ನಿಗೆ ನೆರೆಮನೆಯ ಬಾಗಿ, ಅವಳ ಹಿಂದೆ ವಿನಯಾ, ಅವರ ಹಿಂದೆ ಇನ್ನೂ ಎಂಟು ಹತ್ತು ಪಾತ್ರೆಗಳು.

"ಹ್ವಾಯ್, ಬಂಗಡಿ ಹ್ಯಾಂಗೆ?"

ಆ ಊರಿನಲ್ಲಿ ಮೀನಿನ ಗಾಡಿ ಬಂದರೆ ಯಾರೂ ಕೂಗುವುದಿಲ್ಲ. ತಿರುವಿನಲ್ಲಿ ಉದ್ದಕ್ಕೆ ನಾಲ್ಕು ಹಾರ್ನ್. ಹೆಂಗಸರು ಪಾತ್ರೆ ಹಿಡಿದು ಹೊರಟರೆಂದೇ ಲೆಕ್ಕ. ಅದೂ ಮೂರು ದಿನ ಮೀನಿಲ್ಲದೆ ಉಂಡವರು.

"ಮೀನಿಲ್ಲ ಅಕ್ಕ, ಇದ್ ಹಿಮ!" ಎಂದ ಗುಡ್ಡ.

"ಮೀನಿಲ್ದೆ ಇಷ್ಟ್ ಐಸ್ ಯಾರ್ ಹಾಕ್ತ್ರಾ? ಅಂಜಲ್ ಮೀನ್ ಇದ್ರ ಕೆಳ್ಗೆ ಹುಗ್ಸಿಟ್ಟಿರಿ. ಒಳ್ಳೆ ಮೀನೆಲ್ಲ ಲಾಡ್ಜಿನೋರಿಗೆ, ನಮ್ಗೆ ಬರೀ ಮಾತಾ?"

ಚಂದ್ರಮತಿಯಕ್ಕ ಮೊಣಕೈವರೆಗೆ ಐಸಿಗೆ ಕೈ ಹಾಕಿದರು. ಮತ್ತೆ ಹೇಳುವುದೇನು, ಹತ್ತು ನಿಮಿಷದಲ್ಲಿ ಮನಾಲಿ ಉತ್ತ ಗದ್ದೆಯಾಯಿತು. ಮೂರು ಬೆಕ್ಕು ಬಂದವು. ಮೇಲೆ ಹದ್ದು ಸುತ್ತತೊಡಗಿತು. ಆ ಹೊತ್ತಿಗೇ ಚೀಲ ಬೀಸುತ್ತ ಮಂಜಯ್ಯನವರೂ ಬಂದರು.

"ಅಂಜಲ್ ಬಂದಿತ್ ಅಂಬ್ರಲ್ಲ?" ಎಂದವರು ಮಂಕಿ ಟೊಪ್ಪಿಯೊಳಗಿನ ಮುಖ ಕಂಡು ನಿಂತರು. "ಇದೆಂತ ವೇಷವಾ?"

ಗುಡ್ಡನಿಗೆ ಸುಳ್ಳು ಹೇಳುವ ಬಲವೂ ಉಳಿದಿರಲಿಲ್ಲ. "ಹಿಮ ಕಾಣ್ಲಿಲ್ಲ ಅಂದೇಳಿ ಬೈದ್ರ್ಯಲ್ಲ. ಒಂದ್ ಪಟಕ್ಕೆ ಇಷ್ಟೆಲ್ಲ ಮಾಡದ್ದ್."

ಮಂಜಯ್ಯನವರು ನಗಲಿಲ್ಲ. ಸುತ್ತ ನೋಡಿ, ಅವನ ತೋಳು ಹಿಡಿದು ಟೆಂಪೊದ ಮರೆಗೆ ಎಳೆದರು.

"ಯಾರಿಗೂ ಹೇಳ್ಬ್ಯಾಡ. ನಾನೂ ಹಿಮ ಕಾಣ್ಲಿಲ್ಲ ಮಾರಾಯ. ಹೋದ್ ದಿನವೇ ಹೊಟ್ಟಿ ಕೆಟ್ಟಿತ್. ಕಾಶ್ಮೀರದಂಗೆ ನಾನ್ ಕಂಡದ್ದ್ ಹೋಟ್ಲಿನ ಕಕ್ಕಸ್ ಒಂದೇ. ನಿಮ್ದೊಂದ್ ಪಟ ಇಲ್ಯಾ ಅಂದೇಳಿ ಹೆಂಡ್ತಿ ದಿನಾ ಕೇಂತಳ್. ಆ ಟೊಪ್ಪಿ ಹೀಂಗ್ ಕೊಡ್ ಕಾಂಬ."

ಗುಡ್ಡ ಹಿಗ್ಗಿದ. ಮಾವನಾಗುವವರ ಗುಟ್ಟು ಅಂಗೈಯಲ್ಲಿ! ಅಂಜಲ್ ಹಿತ್ತಲಲ್ಲಿದೆ ಎಂದು ಹೇಳಿ ಹೆಂಗಸರನ್ನು ಜಿತೇಂದ್ರನ ಜತೆ ಆ ಕಡೆ ಅಟ್ಟಿದ. ಉಳಿದ ಐಸನ್ನು ಬೊಗಸೆಯಲ್ಲಿ ಬಾಚಿ ಒಟ್ಟಿದ, ಮಂಜಯ್ಯನವರ ಹೆಗಲಿಗೆ ಉದುರಿಸಿದ, ಕೆಸರಿನಲ್ಲಿ ಮಂಡಿಯೂರಿ ಅವರದೇ ಫೋನಿನಲ್ಲಿ ಇಪ್ಪತ್ತು ಪಟ ತೆಗೆದ. ಅವರು ಕನ್ನಡಕ ಏರಿಸಿ ಒಂದನ್ನು ಆರಿಸಿದರು. 'ಕಾಶ್ಮೀರದ ಸವಿನೆನಪು' ಎಂದು ಬರೆದು ಮನೆಯ ಗ್ರೂಪಿಗೆ ಹಾಕಿದರು.

"ಹಂಗಾರೆ ಸಾಲಿಗ್ರಾಮದೋರಿಗೆ ಬಪ್ಪುದ್ ಬ್ಯಾಡ ಅಂದೇಳಿ ಫೋನ್ ಮಾಡ್ತ್ರ್ಯಾ?" ಎಂದು ಗುಡ್ಡ ಮೆಲ್ಲಗೆ ಕೇಳಿದ.

ಮಂಜಯ್ಯನವರು ಟೊಪ್ಪಿ ತೆಗೆದು ಅವನ ಕೈಗಿತ್ತರು. ಫೋನು ಜೇಬಿಗೆ ಸೇರಿತು. ಮೀನು ಸಿಗದೆ ಹಿತ್ತಲಿನಿಂದ ಮರಳುತ್ತಿದ್ದ ಹೆಂಗಸರ ಕಡೆ ತಿರುಗಿ ಅವರು ದನಿಯೇರಿಸಿದರು.

"ಕಂಡ್ರ್ಯಾ? ಮೀನಿನ ಐಸ್ ಹಾಸಿ ಮನಾಲಿ ಅಂಬನಿಗೆ ನನ್ ಮಗಳನ್ನ ಕೊಡೂದಾ? ಸುಳ್ ಪಟ ತೆಗುವವ ನಾಳೆ ಇನ್ನೆಂತೆಂತ ಸುಳ್ ಹೇಳ್ತ, ಯಾರ್ ಕಂಡಿರ್!"

"ಹೌದೇ ಹೌದ್" ಎಂದವು ಅಷ್ಟೂ ಪಾತ್ರೆಗಳು.

ಗುಡ್ಡ ಬಾಯಿ ತೆರೆದ. ಎದುರಿಗಿದ್ದದ್ದು ಸೌಮ್ಯಶ್ರೀಯ ಅಪ್ಪ. ಪಟಗಳಿದ್ದದ್ದು ಆ ಅಪ್ಪನ ಜೇಬಿನಲ್ಲಿ. ಬಾಯಿ ಮುಚ್ಚಿ, ಸ್ವೆಟರಿನಲ್ಲೇ ಹಾಡಿಯ ದಾರಿ ಇಳಿಯತೊಡಗಿದ.

"ಹ್ವಾಯ್ ಗುಡ್ಡ" ಎಂದು ಚಂದ್ರಮತಿಯಕ್ಕ ಹಿಂದಿನಿಂದ ಕೂಗಿದರು, "ನಾಳೆ ಆದ್ರೂ ಮೀನ್ ಬತ್ತಾ?"

ಗುಡ್ಡ ಕೈಯಲ್ಲಿದ್ದ ಮಂಕಿ ಟೊಪ್ಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡ.